ಆಮೆ ಗೂಡಿನ ಕಾವಲು

ಗುಲಾಬಿಯಕ್ಕ ಎಳನೀರಿನ ಬೊಂಡ ಹಿಡಿದುಕೊಂಡು ಬಾರದೆ ಇದ್ದಿದ್ದರೆ ಅಜಿತನ ಆ ದಿನ ಸುಸೂತ್ರವಾಗಿ ಮುಗಿಯುತ್ತಿತ್ತು.

ಮೂರು ತಿಂಗಳ ಹಿಂದೆ ಬಸ್ರೂರಿನ ಈ ಅಜಿತ ಬಿಸಿಲು ನೆತ್ತಿಗೆ ಬಂದ ಮೇಲೆ ಏಳುವ ಹುಡುಗ. ಡಿಗ್ರಿ ಮುಗಿದಿತ್ತು, ನಿದ್ದೆ ಮುಗಿದಿರಲಿಲ್ಲ. "ನಿನ್ನ ಬೊಂಬಾಯಿಗೆ ಅಶೋಕಮಾವನ ಹೋಟ್ಲಿಗೆ ಕಳ್ಸುದೇ ಸೈ!" ಎಂದು ತಾಯಿ ಚಂದ್ರಮತಿ ಗುಡುಗಿದ ಮರುದಿನವೇ ಅವನು ಕೋಡಿ ಕಡಲತೀರದ ಯುವ ಸಂರಕ್ಷಣಾ ಪಡೆಗೆ ಸೇರಿದ. ಹೋಟೆಲಿಗಿಂತ ಸಮುದ್ರ ವಾಸಿ, ಗಾಳಿಗೆ ನಿದ್ದೆಯಾದರೂ ಬಂದೀತು ಎಂಬ ಆಸೆ. ನಿದ್ದೆ ಬರಲಿಲ್ಲ. ಕಸ ಹೆಕ್ಕಿ, ಗಾಳಿಗಿಡ ನೆಟ್ಟು, ಆಮೆಯ ಗೂಡು ಕಾದು ಹುಡುಗನಿಗೆ ಕೆಲಸದ ರುಚಿಯೇ ಹತ್ತಿಬಿಟ್ಟಿತು. ಈಗ ಅವನ ಜೀವವೆಲ್ಲ ಬಲೆಯ ಬೇಲಿಯೊಳಗೆ, ಮರಳಿನಡಿ ಇರುವ ಮೊಟ್ಟೆಗಳಲ್ಲಿ. ಮರಿಗಳು ಹೊರಬಂದು ನೀರು ಸೇರುವುದನ್ನು ಕಣ್ಣಾರೆ ನೋಡಬೇಕು, ಅಷ್ಟೇ.

ಅಷ್ಟರಲ್ಲಿ ಅಶೋಕಮಾವ ಊರಿಗೆ ಬಂದಿಳಿದರು.

"ಇವತ್ತ್ ನಿನ್ನ ಕಾಂಬುಕೆ ಕೋಡಿಗೆ ಬತ್ರಂಬ್ರ್. ಕೆಲ್ಸ ಮಾಡೂದ್ ಕಂಡ್ರೆ ಬಿಟ್ಟ್ ಹೋತ್ರ್. ಮಲ್ಗಿದ್ದ್ ಕಂಡ್ರೆ ನಾಳಿ ರೈಲಿಗೆ ಎಳ್ಕಂಡೇ ಹೋತ್ರ್, ಕಾಣ್," ಎಂದು ತಾಯಿ ಫೋನಿನಲ್ಲಿ ಎಚ್ಚರಿಸಿದಳು.

ಪಡೆಯ ಉಳಿದವರು ಕಸ ಹೆಕ್ಕಲು ಅಳಿವೆಯ ಕಡೆ ಹೋಗಿದ್ದರು. ಅಜಿತ ಕೋಲು ಹಿಡಿದು ಗೂಡಿನ ಪಕ್ಕ ನೆಟ್ಟಗೆ ನಿಂತ. ಆಗಲೇ ಪಕ್ಕದಲ್ಲಿ ಮೀನು ಒಣಗಿಸುವ ಗುಲಾಬಿಯಕ್ಕ ಕೆತ್ತಿದ ಬೊಂಡದೊಂದಿಗೆ ಹಾಜರು.

"ಹ್ವಾಯ್, ಬೇಲಿ ತೆಗಿ. ಆಮೆ ದೇವ್ರಿಗೆ ತಂಪ್ ಎರೂಕಿತ್ತ್."

"ಅಯ್ಯೋ ಗುಲಾಬಿಯಕ್ಕ, ನೀರ್ ಹೊಯ್ದ್ರೆ ಮೊಟ್ಟಿ ಹಾಳಾತ್ತ್!"

"ಎಂತ ಹಾಳಾಪ್ದ್? ವರ್ಷ ವರ್ಷ ನಾಗಂಗೆ ಬೊಂಡ, ಹಾಲ್ ಎರಿತ್ತಿಲ್ಯಾ? ನಾಗ ಹಾಳಾಯ್ನಾ?"

ಈ ಪ್ರಶ್ನೆಗೆ ಪಡೆಯ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಅವನು ಬೇಲಿಗೆ ಅಡ್ಡ ನಿಲ್ಲುವಷ್ಟರಲ್ಲಿ ಗುಲಾಬಿಯಕ್ಕನ ನೆರೆಯ ಬಾಗಿ ಎಂಬವಳು ಹಾಲಿನ ಚೊಂಬು ತಂದಳು. ಅವಳ ಹಿಂದೆ ಅರಸಿನ, ಅಡಿಕೆ ಹೂವಿನ ಸಿಂಗಾರ, ಮತ್ತಷ್ಟು ಬೊಂಡ. ಕೋಡಿಯ ಅರ್ಧ ಹೆಂಗಸರು ಬೇಲಿಗೆ ಮುತ್ತಿಕೊಂಡರು. ಒಂದು ಗೂಟ ಕಿತ್ತೇ ಬಂತು. ಹಿಡಿಯಲು ಹೋದ ಅಜಿತ ಬಲೆಯೊಳಗೆ ಕಾಲು ಸಿಕ್ಕಿಸಿಕೊಂಡು ಬೈಗೆ ಮೀನಿನಂತೆ ಒದ್ದಾಡಿದ. ಆ ಹೊತ್ತಿಗೇ ಸರಿಯಾಗಿ ಅಶೋಕಮಾವ ಮರಳ ದಿಬ್ಬದ ಮೇಲೆ ಬಂದು ನಿಂತರು.

ಕೆಟ್ಟೆ ಎಂದುಕೊಂಡ ಅಜಿತ. ಎದ್ದವನೇ ಕೈ ಮೇಲೆತ್ತಿ ಕೂಗಿದ: "ಹ್ವಾಯ್, ಕೇಣಿ! ಇದ್ ಮಕ್ಳ್ ಮಲ್ಗಿದ್ ತೊಟ್ಲ್. ತೊಟ್ಲಿಗೆ ಯಾರಾರೂ ನೀರ್ ಹೊಯ್ತ್ರಾ? ತಾಯಿ ಇಪ್ಪುದ್ ಕಡ್ಲಂಗೆ. ಎರೂದಾರೆ ತಾಯಿಗೆ ಎರೂವ, ಬನ್ನಿ!"

ಹೆಂಗಸರು ಎತ್ತಿದ ಚೊಂಬು ಇಳಿಸಿದರು.

"ಹೌದಲೆ," ಎಂದಳು ಬಾಗಿ.

ಮತ್ತೆ ತಡವೆಲ್ಲಿ! ಅಜಿತ ಮುದುಕಿಯರನ್ನು ಮುಂದೆ ಬಿಟ್ಟು ಸಾಲು ನಿಲ್ಲಿಸಿದ. ಹಾಲು ಕಡಲಿಗೆ ಹೋಯಿತು, ಖಾಲಿ ಬೊಂಡ ಗೋಣಿಗೆ. ಗುಲಾಬಿಯಕ್ಕನ ಮೀನನ್ನು ಯಾರೂ ತುಳಿಯಲಿಲ್ಲ. ಮಿಕ್ಕಿದ ಬೊಂಡವೊಂದು ಮಾವನ ಕೈಯನ್ನೂ ಸೇರಿತು. ಎಲ್ಲರೂ ಖುಷಿಯಾಗಿ ಮನೆಗೆ ಹೋದರು.

"ಭೇಷ್ ಹೈದ!" ಎಂದರು ಮಾವ.

ಅಜಿತನ ಎದೆ ಉಬ್ಬಿತು. "ಹಾಂಗಾರೆ ನಾ ಇಲ್ಲೇ ಇಪ್ಪುದ್ ಅಲ್ದಾ, ಮಾವ?"

"ಇಲ್ಲೇ ಇಪ್ಪುದಾ? ಈ ಸೋಂಬೇರಿ ನಂಗ್ ಬ್ಯಾಡ ಅಂದೇಳಿ ಅಕ್ಕಂಗೆ ಹೇಳುಕೇ ನಾ ಊರಿಗೆ ಬಂದದ್. ಈಗ ಕಂಡೆ ಅಲ್ದಾ! ಅಷ್ಟ್ ಜನನ ಸುಧಾರ್ಸ್ದೆ, ಒಬ್ರಿಗೂ ಸಿಟ್ಟ್ ಬರ್ಲಿಲ್ಲೆ. ಇಂಥ ಮ್ಯಾನೇಜರ್ ಬೊಂಬಾಯಂಗೆ ಎಲ್ ಸಿಕ್ತ ಮಾರಾಯ? ನಾಳಿ ರೈಲಿಗೆ ಹೊರಡ್."

ಅಜಿತನಿಗೆ ಅಳುವೇ ಬಂತು. ಮಲಗಿದ್ದರೆ ಬಚಾವಾಗುತ್ತಿದ್ದ! ಇನ್ನೂ ಕಾಲ ಮಿಂಚಿಲ್ಲ ಎಂದುಕೊಂಡು ಮರಳಿನ ಮೇಲೆ ಅಡ್ಡಾಗಿ, ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಎಳೆದುಕೊಂಡ. "ನಂಗೆ ಇದೊಂದ್ ರೋಗ ಮಾವ, ಕೂತಲ್ಲೇ ನಿದ್ರಿ," ಎಂದವನೇ ಗೊರಕೆ ಶುರು ಮಾಡಿದ.

ಮಾವನ ಹುಬ್ಬು ಗಂಟಿಕ್ಕಿತು. "ಇದೆಂತ ಅವಸ್ಥಿ!" ಎಂದು ಗೊಣಗಿದರು. ಅಜಿತನ ಗೊರಕೆ ಇನ್ನಷ್ಟು ಏರಿತು.

ಬೈರಾಸಿನ ಸಂದಿನಿಂದ ಅವನಿಗೆ ಒಂದು ನಾಯಿ ಕಾಣಿಸಿತು. ಹಾಲಿನ ವಾಸನೆ ಹಿಡಿದು ಬಂದ ನಾಯಿ, ಗೂಟ ಕಿತ್ತ ಮೂಲೆಯಲ್ಲಿ ಮೂಗು ತೂರಿಸಿ ಮರಳು ಕೆರೆಯತೊಡಗಿತು. ಅಜಿತ ಹಲ್ಲು ಕಚ್ಚಿ ಗೊರಕೆ ಹೊಡೆದ. ನಾಯಿ ಮತ್ತಷ್ಟು ಕೆರೆಯಿತು. ಅವನಿಂದ ತಡೆಯಲಾಗಲಿಲ್ಲ. ಬೈರಾಸು ಎಸೆದು, ಕೋಲು ಎತ್ತಿಕೊಂಡು ನಾಯಿಯನ್ನು ಅಳಿವೆಯವರೆಗೂ ಅಟ್ಟಿಬಿಟ್ಟ.

ಏದುಸಿರು ಬಿಡುತ್ತ ಹಿಂದಿರುಗಿದಾಗ ಮೊಟ್ಟೆಗಳು ಸುರಕ್ಷಿತವಾಗಿದ್ದವು. ಮಾವ ಮುಖವರಳಿಸಿಕೊಂಡು ಬೊಂಬಾಯಿಗೆ ಫೋನಿನಲ್ಲಿ ಹೇಳುತ್ತಿದ್ದರು: "ನಿದ್ರಿಯಂಗೂ ಎಚ್ರ ಇಪ್ಪು ಹೈದ ಮಾರಾಯ! ರಾತ್ರಿ ಪಾಳಿಗೂ ಇವ್ನೇ ಸೈ!"