ಬೇಸ್ ಗಿಟಾರಿನ ಪೆಡಲ್ ಹಲಗೆಗೆ ವೇದಿಕೆಯ ಮೂಲೆಯಲ್ಲಿ ಜಾಗ ಕೋರಿ

ಇಂದ:
ನಿವೃತ್ತ ಬಡಗಿ,
ಹಡಗು ಕಟ್ಟುವ ಕಾರ್ಖಾನೆ, ಮಂಚ-ಕಪಾಟು ವಿಭಾಗ.
ಹಾಲಿ ವಾಸ: ಮಗನ ಮನೆ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ಗೆ:
ಮುಖ್ಯ ಗಾಯಕರು ಹಾಗೂ ಮುಖ್ಯಸ್ಥರು,
ಸಮಾರಂಭಗಳ ವಾದ್ಯತಂಡ,
ಡ್ರಮ್ಮಿನವರ ಗ್ಯಾರೇಜು.

ವಿಷಯ: ನನ್ನ ಸೊಸೆಯನ್ನು ತಂಡದಿಂದ ತೆಗೆದು ಅವಳ ಕೆಲಸವನ್ನು ಕೀಬೋರ್ಡಿನವರ ಎಡಗೈಗೆ ವಹಿಸಿರುವುದನ್ನು ರದ್ದು ಮಾಡುವ ಬಗ್ಗೆ, ಹಾಗೂ ಸದರಿಯವಳ ಹೊಸ ಪೆಡಲ್ ಹಲಗೆಗೆ ಜಾಗ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: 1) ತಾವು ಸಮಾರಂಭ ಮುಗಿದ ಮೇಲೆ ಸೊಸೆಗೆ ಆಡಿದ ಮಾತು.
2) ಅದನ್ನು ಸೊಸೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದ್ದು.
3) ಅದನ್ನು ನನ್ನ ಹೆಂಡತಿ ನನಗೆ, ಹಾಗೂ ಅನಿವಾರ್ಯವಾಗಿ ಎರಡನೇ ಮಹಡಿಯವರಿಗೆ ತಿಳಿಸಿದ್ದು.

ಮಾನ್ಯ ಗಾಯಕರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾಗದ ಬರೆಯೋದು ನನಗೆ ಬರುವುದಿಲ್ಲ, ಅರ್ಜಿ ಬರೆಯೋದು ಬರುತ್ತದೆ. ಕಾರ್ಖಾನೆಯಲ್ಲಿ ರಜೆ ಬೇಕಾದರೂ ಅರ್ಜಿ, ಕೈಗವಸು ಹರಿದರೂ ಅರ್ಜಿ. ಮದುವೆಗೆ ಮುಂಚೆ ಈಗಿನ ನನ್ನ ಹೆಂಡತಿಗೆ ಬರೆದದ್ದೂ ಇದೇ ನಮೂನೆಯಲ್ಲಿ. ಅವಳು ಅದರ ಬೆನ್ನಿಗೆ "ಪರಿಶೀಲಿಸಲಾಗುವುದು" ಎಂದು ಬರೆದು ಕಳಿಸಿದಳು. ಪರಿಶೀಲನೆ ಇನ್ನೂ ನಡೆಯುತ್ತಿದೆ. ಕಾರಣ, ಈ ಬರವಣಿಗೆ ತಮಗೆ ಬಿಗಿಯಾಗಿ ಕಂಡರೆ ಸಿಟ್ಟೆಂದು ತಿಳಿಯಬಾರದು.

1. ಸದರಿ ಸೊಸೆ ಹಗಲಲ್ಲಿ ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುತ್ತಾಳೆ, ಸಂಜೆ ತಮ್ಮ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಾಳೆ, ಅಂದರೆ ನುಡಿಸುತ್ತಿದ್ದಳು. ಮದುವೆಯಾಗಿ ಮನೆಗೆ ಬಂದ ದಿನ ಅವಳ ಹೆಗಲಿನಲ್ಲಿದ್ದ ಉದ್ದನೆಯ ಚೀಲ ನೋಡಿ, ಇಸ್ತ್ರಿ ಮೇಜು ತಂದಿದ್ದಾಳೆಂದು ನನ್ನ ಹೆಂಡತಿ ಖುಷಿಪಟ್ಟಿದ್ದಳು. ಚೀಲ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಆಸೆ ಬಿಟ್ಟಿರಲಿಲ್ಲ.

2. ನಾನು ಹಡಗಿನ ಹೊಟ್ಟೆಯೊಳಗೆ ಕೂತು ಕೆಲಸ ಮಾಡಿದವನು. ಹೊರಗಡೆ ತಗಡಿನ ಮೇಲೆ ದಿನವಿಡೀ ಸುತ್ತಿಗೆ ಬೀಳುತ್ತಿತ್ತು. ಆದ್ದರಿಂದ ಸಣ್ಣ ದನಿಗಳು ನನ್ನ ಕಿವಿಗೆ ಬೀಳುವುದಿಲ್ಲ. ಬಾಗಿಲ ಗಂಟೆ, ಕುಕ್ಕರಿನ ಸೀಟಿ, ಹೆಂಡತಿಯ ಮಾತಿನಲ್ಲಿ ಮುಕ್ಕಾಲು ಪಾಲು, ಹಾಗೂ ತಮ್ಮ ಹಾಡು, ಇವು ಹೋಗಿವೆ. ಇದು ದೂರಲ್ಲ. ತಾವು ಕಣ್ಣು ಮುಚ್ಚುವ ರೀತಿಯಿಂದ ಹಾಡು ದುಃಖದ್ದೋ ಅಲ್ಲವೋ ಅಂತ ತಿಳಿದುಕೊಳ್ಳುತ್ತೇನೆ. ಇಡೀ ತಂಡದಲ್ಲಿ ನನಗೆ ಕೇಳಿಸುವುದು ಸೊಸೆ ನುಡಿಸುವುದೊಂದೇ. ಅದು ಕಿವಿಗೂ ಬರುವುದಿಲ್ಲ. ನೆಲದಿಂದ ಕುರ್ಚಿಯ ಕಾಲು ಹತ್ತಿ ಬೆನ್ನಿಗೆ ಬರುತ್ತದೆ.

3. ತಮಗೆ ಗೊತ್ತಿರುವುದೇ ಆದರೂ ಅರ್ಜಿಯಲ್ಲಿ ನಮೂದಾಗಬೇಕಾದ ಕಾರಣ ಬರೆಯುತ್ತಿದ್ದೇನೆ. ಬೇಸ್ ಗಿಟಾರಿನಿಂದ ಹೊರಟ ದನಿ ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಕಾರ್ಖಾನೆಯ ಕಡತದ ಹಾಗೆ ನಾಲ್ಕು ಮೇಜು ದಾಟಿ ಹೋಗುತ್ತದೆ. ಮೇಜು ಅಂದರೆ ಪೆಡಲ್ಲುಗಳು, ಕಾಲಿನಿಂದ ತುಳಿಯುವ ಕಬ್ಬಿಣದ ಡಬ್ಬಿಗಳು. ಒಂದು, ಶ್ರುತಿ ನೋಡುವ ಡಬ್ಬಿ. ಅದನ್ನು ತುಳಿದರೆ ದನಿ ಪೂರ್ತಿ ನಿಂತುಹೋಗಿ, ತಂತಿ ಸರಿ ಇದೆಯೋ ಇಲ್ಲವೋ ಅಂತ ದೀಪ ಮಾತ್ರ ತೋರಿಸುತ್ತದೆ. ಇನ್ನೊಂದು, ಜೋರಾದದ್ದನ್ನು ತಗ್ಗಿಸಿ ಮೆತ್ತಗಿದ್ದದ್ದನ್ನು ಎತ್ತುವ ಡಬ್ಬಿ. ಮತ್ತೊಂದು, ದನಿಯನ್ನು ನೀರಿನಲ್ಲಿ ಅದ್ದಿ ತೆಗೆದಂತೆ ಅಲುಗಾಡಿಸುವುದು. ಕೊನೆಯದನ್ನು ಮನೆಯಲ್ಲಿ ಗೊರಕೆ ಡಬ್ಬಿ ಅನ್ನುತ್ತೇವೆ. ಅದರ ಸದ್ದಿಗೂ ನನ್ನ ಮಗನ ನಿದ್ದೆಗೂ ನನಗೆ ವ್ಯತ್ಯಾಸ ಕಾಣಲಿಲ್ಲ ಎಂದಾಗ ಸೊಸೆ, "ಇದನ್ನಾದ್ರೂ ಆಫ್ ಮಾಡಬಹುದು ಮಾವ" ಎಂದಳು.

ಸೋಫಾ ಅಂಗಡಿಯ ಉದ್ಘಾಟನೆಯಲ್ಲಿ ಈ ಡಬ್ಬಿಗಳು ವೈರಿನ ಸಮೇತ ನೆಲದ ಮೇಲೆ ಹರಡಿಕೊಂಡಿದ್ದವು. ನಿಧಾನದ ಹಾಡಿನಲ್ಲಿ ಕಣ್ಣು ಮುಚ್ಚಿ ಹಿಂದಕ್ಕೆ ನಡೆಯುವುದು ತಮ್ಮ ಪದ್ಧತಿ. ಹಾಗೆ ನಡೆದು ತಾವು ಗೊರಕೆ ಡಬ್ಬಿ ತುಳಿದಿರಿ. ಹೊಸ ಸೋಫಾಗಳ ಮೇಲೆ ಕೂತಿದ್ದವರೆಲ್ಲ ಎದ್ದು ಸೋಫಾದ ಅಡಿಗೆ ಬಗ್ಗಿ ನೋಡಿದರು. ಆಗ ತಾವು ಸೊಸೆಗೆ ಹೇಳಿದ್ದು ಹೀಗೆ: "ಅಕ್ಕ, ಅಂಗಡಿ ಹರಡ್ಕೊಂಡು ನಿಂತಿದ್ದೀರಲ್ಲ. ಒಂದೋ ಇದನ್ನೆಲ್ಲ ಒಂದು ಚಿಕ್ಕ ಹಲಗೆ ಮೇಲೆ ತನ್ನಿ, ಇಲ್ಲಾಂದ್ರೆ ಕೀಬೋರ್ಡಿನವನ ಎಡಗೈ ಹೇಗೂ ಸುಮ್ನೆ ಕೂತಿರುತ್ತೆ. ಬೇಸ್ ಅದೇ ಹೊಡ್ಕೊಳ್ಳುತ್ತೆ."

ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಕಾಲು ತಮ್ಮದು.

4. ಸೊಸೆ ಮನೆಗೆ ಬಂದು, "ಮಾವ, ಒಂದು ಹಲಗೆ ಮಾಡಿಕೊಡ್ತೀರಾ?" ಎಂದಳು.

"ಎಷ್ಟು ದೊಡ್ಡದು?"

"ಎಷ್ಟು ಚಿಕ್ಕದಾಗುತ್ತೋ ಅಷ್ಟು."

ಮಾನ್ಯರೇ, ಹಡಗಿನ ಬಡಗಿಗೆ ಯಾರೂ ಹೀಗೆ ಹೇಳಬಾರದು. ನೀರಿನ ಮೇಲಿನ ಕೋಣೆಯಲ್ಲಿ ಸಂದು ಬಿಟ್ಟರೆ ಸಾಮಾನು ಅಲುಗಾಡುತ್ತದೆ, ಅಲುಗಾಡಿದರೆ ಕಟಕಟ ಅನ್ನುತ್ತದೆ, ಕಟಕಟ ಅಂದರೆ ಪ್ರಯಾಣಿಕರು ದಡ ಸೇರುವವರೆಗೂ ಬೈಯುತ್ತಾರೆ. ನಮ್ಮ ಮೇಸ್ತ್ರಿ ಕಪಾಟು ಮುಗಿದ ಕೂಡಲೇ ಸಿಗರೇಟಿನ ಕಾಗದ ತೆಗೆದು ಸಂದಿನಲ್ಲಿ ತೂರಿಸಿ ನೋಡುತ್ತಿದ್ದರು. ಕಾಗದ ಒಳಗೆ ಹೋದರೆ ಕಪಾಟು ಹೊರಗೆ ಹೋಗುತ್ತಿತ್ತು. ಆ ಕಾಗದ ಈಗಲೂ ನನ್ನ ಕಣ್ಣ ಮುಂದೆ ಇದೆ.

ಮನೆಯಲ್ಲಿ ನೆಟ್ಟಗಿದ್ದ ಮರವೆಂದರೆ ಅಡುಗೆಮನೆ ಕಪಾಟಿನ ಕೆಳಗಿನ ಬಾಗಿಲು. ಆದ್ದರಿಂದ ಅದನ್ನು ಬಿಚ್ಚಲಾಯಿತು.

"ರೀ, ಬಾಗಿಲೆಲ್ಲಿ?" ಎಂದಳು ನನ್ನ ಹೆಂಡತಿ.

"ಕೆಲಸದ ಮೇಲೆ ಹೋಗಿದೆ."

"ನೀವು ನಿವೃತ್ತಿ ಆದ್ರೂ ಮನೆ ಸಾಮಾನಿಗೆ ನಿವೃತ್ತಿ ಇಲ್ಲ."

ಬಾಗಿಲಿನಲ್ಲಿ ಒಂದು ತುಂಡು ಕೊಯ್ದೆ. ಕರೆಂಟು ಹಂಚುವ ಪೆಟ್ಟಿಗೆಯನ್ನು ಹಲಗೆಯ ಅಡಿಗೆ ಕಚ್ಚಿಸಿದೆ, ವೈರುಗಳನ್ನು ತೂತಿನಿಂದ ಕೆಳಗಿಳಿಸಿದೆ. ವೈರು ಸಿಕ್ಕಿಸುವ ಜಾಗ ಡಬ್ಬಿಗಳ ತಲೆಯ ಕಡೆ ಇದ್ದದ್ದರಿಂದ, ನಾಲ್ಕನ್ನೂ ಹೆಗಲಿಗೆ ಹೆಗಲು ಒತ್ತಿ ಕೂರಿಸಿ ಎರಡೂ ತುದಿಗೆ ಬೆಣೆ ಹೊಡೆದೆ. ಕಾಗದ ಹೋಗಲಿಲ್ಲ. ನನ್ನ ಹೆಂಡತಿ ಹಲಗೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಸಿಟ್ಟಿನಲ್ಲಿದ್ದಳು, ಆದ್ದರಿಂದ ಪರೀಕ್ಷೆ ಕಟ್ಟುನಿಟ್ಟಾಗಿಯೇ ನಡೆಯಿತು. ಏನೂ ಬೀಳಲಿಲ್ಲ. ಸೊಸೆ ಕಾಲಿನ ಹೆಬ್ಬೆರಳಿನಿಂದ ಒಂದೊಂದೇ ಡಬ್ಬಿ ಒತ್ತಿ ನೋಡಿ, "ಊಟದ ತಟ್ಟೆ ಅಷ್ಟೇ ಇದೆಯಲ್ಲ ಮಾವ" ಎಂದು ನಕ್ಕಳು.

ಹೆಬ್ಬೆರಳಿನಿಂದ ಎಂಬುದನ್ನು ತಾವು ದಯಮಾಡಿ ಗಮನಿಸಬೇಕು. ಮನೆಯೊಳಗೆ ಬೂಟು ತರಕೂಡದೆಂಬುದು ನನ್ನ ಹೆಂಡತಿಯ ಕಾಯಂ ಆದೇಶ. ಆದ್ದರಿಂದ ಪರೀಕ್ಷೆ ಬರಿಗಾಲಿನಲ್ಲಿ ಆಯಿತು. ವೇದಿಕೆಯ ಮೇಲೆ ಬೂಟು ಹಾಕಿಕೊಳ್ಳಬೇಕೆಂಬುದು ತಮ್ಮ ಕಾಯಂ ಆದೇಶ. ಎರಡು ಆದೇಶಗಳ ನಡುವೆ ನನ್ನ ಹಲಗೆ ಸಿಕ್ಕಿಕೊಂಡಿತು. ಹಡಗಿನ ಕಪಾಟನ್ನು ಯಾರೂ ತುಳಿಯುವುದಿಲ್ಲ. ಕಾಲಿಗೂ ಜಾಗ ಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ.

5. ಬ್ಯಾಂಕ್ ಮ್ಯಾನೇಜರರ ಬೀಳ್ಕೊಡುಗೆಯಲ್ಲಿ ನಡೆದದ್ದನ್ನು ಕೊನೆಯ ಸಾಲಿನ ಕುರ್ಚಿಯಿಂದ ನಾನೇ ಕಂಡಿದ್ದೇನೆ. ಎಲ್ಲರೂ ಎದ್ದು ಕುಣಿಯುತ್ತಿದ್ದರು. ಸೊಸೆ ಗೊರಕೆ ಡಬ್ಬಿ ತುಳಿದಳು. ಬೂಟಿನ ಮೂತಿ ಅಗಲ, ಪಕ್ಕದ ಶ್ರುತಿ ಡಬ್ಬಿಯೂ ಒತ್ತಿಕೊಂಡಿತು. ನನ್ನ ಕುರ್ಚಿ ಸತ್ತುಹೋಯಿತು. ಮತ್ತೆ ತುಳಿದಳು, ಎರಡೂ ಆರಿದವು, ಕುರ್ಚಿ ಬದುಕಿತು. ಗೊರಕೆ ಹತ್ತಿದರೆ ದನಿ ಹೋಗುತ್ತದೆ, ದನಿ ಬಂದರೆ ಗೊರಕೆ ಹೋಗುತ್ತದೆ. ದನಿ ಹೋದಾಗಲೆಲ್ಲ ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತು ತಮ್ಮ ತಮ್ಮ ಕಾಲು ನೋಡಿಕೊಂಡರು. ಏನು ಕಳೆದುಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ತಾವು ತಿರುಗಿ ಡ್ರಮ್ಮಿನವರನ್ನು ದುರುಗುಟ್ಟಿ ನೋಡಿದಿರಿ. ಅವರ ತಪ್ಪೇನೂ ಇರಲಿಲ್ಲ. ಅವರಿಗೆ ಈ ಮೂಲಕ ವಿಷಾದ ತಿಳಿಸಲಾಗಿದೆ.

ಸೊಸೆ ಹುಷಾರಿ. ಬಲಗಾಲಿನ ಬೂಟು ಕಳಚಿ ಪಕ್ಕಕ್ಕಿಟ್ಟು, ಹೆಬ್ಬೆರಳಿನಲ್ಲಿ ಕೆಲಸ ಸುರುಮಾಡಿದಳು. ಎಲ್ಲ ಸರಿಹೋಯಿತು. ಅಷ್ಟರಲ್ಲಿ ನಿಧಾನದ ಹಾಡು ಬಂತು. ತಾವು ಕಣ್ಣು ಮುಚ್ಚಿದಿರಿ, ಹಿಂದಕ್ಕೆ ನಡೆದಿರಿ, ಹಿಮ್ಮಡಿಯಿಂದ ಬೂಟನ್ನು ಒದ್ದಿರಿ. ಅದು ವೇದಿಕೆಯ ಪಕ್ಕದಿಂದ ಇಳಿದು ಮ್ಯಾನೇಜರರ ತೊಡೆಯ ಮೇಲೆ ಬಿತ್ತು. ಅವರ ತೊಡೆಯ ಮೇಲೆ ಆಗಲೇ ಉಡುಗೊರೆಗಳ ರಾಶಿ ಇತ್ತು. ಅವರು ಎದ್ದು ಕೈಮುಗಿದು, ಅದನ್ನೂ ರಾಶಿಗೆ ಸೇರಿಸಿ ಮನೆಗೆ ಒಯ್ದರು. ಈವರೆಗೆ ವಾಪಸ್ ಬಂದಿಲ್ಲ.

ಆಮೇಲೆ ತಾವು ಹೇಳಿದ್ದು, ಉಲ್ಲೇಖ 1ರಲ್ಲಿ ಇರುವಂತೆ: "ಅಕ್ಕ, ನಿಮ್ಮ ಮಾವ ಮಾಡಿದ ಹಲಗೆ ಚೆನ್ನಾಗಿದೆ. ಮನೇಲೇ ಇಟ್ಕೊಳ್ಳಿ. ನೀವೂ ಅದರ ಜೊತೇಲೇ ಇರಿ."

6. (ಈ ಅಂಶದಲ್ಲಿ ತಮ್ಮ ಮಾತಿನ ಬಗ್ಗೆ ಬರೆದಿದ್ದನ್ನು ನನ್ನ ಹೆಂಡತಿ ಓದಿ ಹೊಡೆದುಹಾಕಿದ್ದಾಳೆ. ಅವಳು ತನ್ನ ಕಡೆಯಿಂದ ಸೇರಿಸಿದ್ದನ್ನು ನಾನು ಹೊಡೆದುಹಾಕಿದ್ದೇನೆ.)

7. ಸೊಸೆ ನನ್ನನ್ನು ಏನೂ ಅನ್ನಲಿಲ್ಲ. "ಬಿಡಿ ಮಾವ, ಬೂಟು ಹಾಕ್ಕೊಂಡು ನಾನೇ ನೋಡಬೇಕಿತ್ತು" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಈಗ ಅವಳು ಸಂಜೆ ಆಸ್ಪತ್ರೆಯಿಂದ ಬಂದು ಅಡುಗೆಮನೆಯಲ್ಲಿ ಸ್ಟೂಲು ಹಾಕಿ ಕೂತು, ಕರೆಂಟಿಲ್ಲದೆ ಗಿಟಾರ್ ನುಡಿಸುತ್ತಾಳೆ. ನನಗೆ ಕೇಳಿಸಲಿ ಅಂತ ಗಿಟಾರಿನ ತಲೆಯನ್ನು ಬಾಗಿಲಿಲ್ಲದ ಕಪಾಟಿಗೆ ಒತ್ತಿ ಹಿಡಿಯುತ್ತಾಳೆ. ನಾನು ಈಚೆ ಕಡೆ ಕಪಾಟಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಸಕ್ಕರೆ ಡಬ್ಬಿ, ಲೋಟ ಎಲ್ಲ ಗುಂಯ್ ಅನ್ನುತ್ತವೆ. ನುಡಿಸುವುದು ತಮ್ಮ ತಂಡದ ಹಾಡುಗಳನ್ನೇ. ಮೊನ್ನೆ ನಿಧಾನದ ಹಾಡಿನ ನಡುವೆ ನಿಲ್ಲಿಸಿಬಿಟ್ಟಳು.

"ಯಾಕಮ್ಮ, ಮರೆತುಹೋಯ್ತಾ?"

"ಇಲ್ಲ ಮಾವ. ಇಲ್ಲಿ ಅವರು ಹಿಂದಕ್ಕೆ ಬರ್ತಾರೆ. ನಾನು ಸ್ವಲ್ಪ ಸರಿದು ಜಾಗ ಬಿಡ್ತೀನಿ."

ಅಡುಗೆಮನೆಯಲ್ಲಿ ಸರಿದು ಜಾಗ ಬಿಟ್ಟಳು ಮಾನ್ಯರೇ. ನನ್ನ ಹೆಂಡತಿ ಸೌಟು ಕೆಳಗಿಟ್ಟಳು.

8. ಎಡಗೈ ವಿಚಾರ. ನಮ್ಮ ಪಕ್ಕದ ಕಟ್ಟಡದವರೊಬ್ಬರ ಹುಟ್ಟುಹಬ್ಬಕ್ಕೆ ತಮ್ಮ ತಂಡ ಬಂದಾಗ ನಾನು ಹೋಗಿ ಕುರ್ಚಿಯ ಮೇಲೆ ಕೂತಿದ್ದೆ. ಬೆನ್ನಿಗೆ ಏನೂ ಬರಲಿಲ್ಲ. ಎದ್ದು ಬೇರೆ ಕುರ್ಚಿಯಲ್ಲಿ ಕೂತೆ, ಅಲ್ಲೂ ಬರಲಿಲ್ಲ. ಆಮೇಲೆ ತಂಡದ ಒಬ್ಬರು ಸೊಸೆಗೆ ಫೋನ್ ಮಾಡಿ, "ಅಕ್ಕ, ಎಡಗೈ ನೋಡ್ಕೊಂಡ್ರೆ ಬಲಗೈ ಮರೆತೇಹೋಗುತ್ತೆ, ಬಲಗೈ ನೋಡ್ಕೊಂಡ್ರೆ ಎಡಗೈ ಊಟಕ್ಕೆ ಎದ್ದುಹೋಗುತ್ತೆ, ಬೇಗ ಬನ್ನಿ" ಎಂದರಂತೆ. ಹೆಸರು ಬರಬಾರದೆಂದು ಅವರು ಕೋರಿದ್ದಾರೆ. ಆದ್ದರಿಂದ ಕೀಬೋರ್ಡಿನವರು ಎಂದಷ್ಟೇ ಬರೆದಿದ್ದೇನೆ.

9. ಮೇಲಿನ ಎಲ್ಲ ಕಾರಣಗಳಿಂದ ಎರಡನೇ ಹಲಗೆ ಮಾಡಲಾಗಿದೆ. ಈ ಸಲ ಸಿಗರೇಟಿನ ಕಾಗದ ಬಿಟ್ಟು ಬೂಟಿನಲ್ಲೇ ಅಳತೆ ಹಿಡಿದೆ. ಬಲಗಾಲಿನದು ಮ್ಯಾನೇಜರರ ಮನೆಯಲ್ಲಿರುವ ಕಾರಣ, ಎಡಗಾಲಿನದನ್ನು ಕನ್ನಡಿಯ ಮುಂದೆ ಇಟ್ಟು ನೋಡಿದೆ. ನನ್ನ ಹೆಂಡತಿ ಹಳೆ ಪೇಪರು ಹಾಸಿ, ಸದರಿ ಬೂಟಿಗೆ ಅಡುಗೆಮನೆಯವರೆಗೆ ತಾತ್ಕಾಲಿಕ ಪ್ರವೇಶ ಕೊಟ್ಟಳು.

ಡಬ್ಬಿಗಳ ನಡುವೆ ಬೂಟಿನ ಮೂತಿಗೆ ಬೇಕಾದಷ್ಟು ಸಂದು ಬಿಟ್ಟಿದ್ದೇನೆ. ಸಂದು ಬಿಡುವಾಗ ಮೇಸ್ತ್ರಿ ಬೆನ್ನ ಹಿಂದೆ ನಿಂತು ಕೆಮ್ಮಿದ ಹಾಗಾಯಿತು. ಸಂದು ಬಿಟ್ಟರೆ ಹಲಗೆ ಬೆಳೆಯುತ್ತದಲ್ಲ, ಅದಕ್ಕೆ ಹಡಗಿನ ಮಂಚದ ಉಪಾಯ ಮಾಡಿದೆ. ಎರಡು ಡಬ್ಬಿ ಕೆಳಗಿನ ಮಂಚ, ಎರಡು ಡಬ್ಬಿ ಹಿಂದೆ ಎತ್ತರದಲ್ಲಿ ಮೇಲಿನ ಮಂಚ. ಶ್ರುತಿ ಮತ್ತು ಗೊರಕೆ ಒಂದೊಂದು ಮೂಲೆಗೆ, ಇನ್ನು ಅವೆರಡೂ ಜನ್ಮದಲ್ಲಿ ಒಟ್ಟಿಗೆ ಒತ್ತಿಕೊಳ್ಳುವುದಿಲ್ಲ. ಬಾಗಿಲಿನ ಹಿಡಿಯೇ ಹೊರುವ ಹಿಡಿ. ಉಳಿದ ಬಾಗಿಲೇ ಮುಚ್ಚಳ, ಅದರದೇ ಕೀಲು.

ಸದರಿ ಮುಚ್ಚಳವನ್ನು ವೇದಿಕೆಯ ಮೇಲೆ ತೆರೆದರೆ ಅದು ತಮ್ಮ ಕಡೆಗೆ ಮಗುಚಿ ನೆಲಕ್ಕೆ ಸಮನಾಗಿ ಕೂರುತ್ತದೆ. ಅದರ ಮೇಲೆ ಡಬ್ಬಿ ಇಲ್ಲ, ವೈರಿಲ್ಲ, ಮೊಳೆ ಇಲ್ಲ. ಅದು ತಮ್ಮ ಕಾಲಿಗೆ ಮೀಸಲು. ನಿಧಾನದ ಹಾಡಿನಲ್ಲಿ ತಾವು ಎಂದಿನಂತೆ ಕಣ್ಣು ಮುಚ್ಚಿಕೊಂಡೇ ಬರಬಹುದು.

ಆದ್ದರಿಂದ, ತಾವು ದೊಡ್ಡ ಮನಸ್ಸು ಮಾಡಿ ಕೀಬೋರ್ಡಿನವರ ಎಡಗೈಯನ್ನು ಅದರ ಮೊದಲಿನ ವಿಶ್ರಾಂತಿಗೆ ಮರಳಿಸಬೇಕೆಂದೂ, ಸೊಸೆಯನ್ನು ಬರುವ ಅಭ್ಯಾಸಕ್ಕೆ ಕರೆಯಬೇಕೆಂದೂ, ಹಲಗೆಗೆ ಅವಳ ಹಳೆಯ ಮೂಲೆಯನ್ನೇ ಕೊಡಬೇಕೆಂದೂ ಕೇಳಿಕೊಳ್ಳುತ್ತೇನೆ. ಮೊದಲನೇ ಹಲಗೆಯ ತಪ್ಪು ಪೂರ್ತಿ ಬಡಗಿಯದು. ಅವನನ್ನು ತಂಡದಿಂದ ತೆಗೆಯಲು ಅಡ್ಡಿಯಿಲ್ಲ.

ಸ್ಥಳ: ಊಟದ ಮೇಜು
ದಿನಾಂಕ: ಮೇಜು ಖಾಲಿಯಾದ ದಿನ

ಇಂತಿ,
ತಮ್ಮ ಹಾಡು ಕೇಳಿಸದ ವಿಶ್ವಾಸಿ,
(ಸಹಿ)
ಬಡಗಿ

ಲಗತ್ತುಗಳು:
ಅ) ಹಲಗೆಯ ಚಿತ್ರ, ಪೆನ್ಸಿಲಿನಲ್ಲಿ. ಎಣ್ಣೆಯ ಕಲೆ ಅಡುಗೆಮನೆಯದು.
ಆ) ಎರಡನೇ ಹಲಗೆಯನ್ನೂ ಸಿಟ್ಟಿನಲ್ಲಿ ಅಲ್ಲಾಡಿಸಿ ನೋಡಲಾಗಿದೆ ಎಂಬ ಬಗ್ಗೆ ನನ್ನ ಹೆಂಡತಿಯ ಹೆಬ್ಬೆಟ್ಟು. ಅವಳಿಗೆ ಸಹಿ ಬರುತ್ತದೆ, ಕೈಯಲ್ಲಿ ಹಿಟ್ಟಿತ್ತು.
ಇ) ಕಪಾಟಿನ ಬಾಗಿಲಿನ ಬಗ್ಗೆ ಸದರಿಯವಳ ಆಕ್ಷೇಪಣೆ. ಬಾಯಿಮಾತಿನದಾದ್ದರಿಂದ ಲಗತ್ತಿಸಲು ಆಗಲಿಲ್ಲ, ತಾವು ಮನೆಗೆ ಬಂದರೆ ಕೇಳಬಹುದು.

ಕೊನೆಯದಾಗಿ: ಮುಚ್ಚಳದ ಅಗಲವನ್ನು ಅಂದಾಜಿನ ಮೇಲೆ ಇಟ್ಟಿದ್ದೇನೆ. ಅಂದಾಜಿನಿಂದ ಒಮ್ಮೆ ಕೆಟ್ಟಿದ್ದೇನೆ. ಕಾರಣ, ತಾವು ವೇದಿಕೆಯ ಮೇಲೆ ಹಾಕುವ ಬಲಗಾಲಿನ ಬೂಟನ್ನು ಅಳತೆಗಾಗಿ ಕಳಿಸಿಕೊಡಬೇಕು. ಅಭ್ಯಾಸ ಮುಗಿದ ಮೇಲೆ ಸೊಸೆಯ ಕೈಯಲ್ಲೇ ಕಳಿಸಬೇಕು. ಬೇರೆಯವರ ಕೈಯಲ್ಲಿ ಬಂದ ಬೂಟನ್ನು ನನ್ನ ಹೆಂಡತಿ ಒಳಗೆ ಬಿಡುವುದಿಲ್ಲ.