ಅಮ್ಮ, ರಸೀದಿ ಪುಸ್ತಕ ಮತ್ತು ಹಳೇ ಮುಯ್ಯಿ

ರಸೀದಿ ಪುಸ್ತಕ ಹಿಡಿದು ಊರೂರು ತಿರುಗುವವರಿಗೆ ತಲೆ ಕೆಡದ ದಿನವೇ ಇಲ್ಲ. ನಾನು ಮಧುಗಿರಿಯ ರಿಟೈರಾದ ಟೀಚರು. ಮರೆವಿನ ಕಾಯಿಲೆಗೆ ಔಷಧ ಹುಡುಕುವ ಸಂಶೋಧನೆಗೆ ದೇಣಿಗೆ ಎತ್ತುತ್ತೇನೆ. ಕಾರಣ ನಮ್ಮಮ್ಮ. ಎರಡು ವರ್ಷದಿಂದ ಅವಳಿಗೆ ನಾನ್ಯಾರೆಂದೇ ಗೊತ್ತಿಲ್ಲ. ಒಂದೇ ಒಂದು ಸಲ ‘ಮಗಳೇ’ ಅನ್ನಲಿ ಅಂತ ನನ್ನಾಸೆ. ಮನೇಲಿ ಒಬ್ಬಳನ್ನೇ ಬಿಡೋ ಹಾಗಿಲ್ಲ, ಹೋದಲ್ಲೆಲ್ಲ ಕರ್ಕೊಂಡು ಹೋಗ್ತೀನಿ.

ಬೇರು

ಹೊಳವನಹಳ್ಳಿ ಬಸ್‌ಸ್ಟಾಪಿನಲ್ಲಿ ಒಬ್ಬ ಯಜಮಾನರು ನನ್ನನ್ನೇ ಗದರಿದರು. “ಔಷ್ದ ಹುಡ್ಕಕ್ಕೆ ದುಡ್ಡ್ಯಾಕಮ್ಮ? ಸಿದ್ದರಬೆಟ್ಟದಾಗೆ ಒಂದು ಬೇರೈತೆ. ತೇದು ಕುಡುದ್ರೆ ಮುತ್ತಾತನ ಹೆಸ್ರೂ ಗ್ಯಾಪ್ಕ ಬತ್ತದೆ.”

ಪೆನ್ನು ತೆಗೆದೆ. “ಯಾವ ಬೇರು ಯಜಮಾನ್ರೇ?”

ಬೆಟ್ಟದ ಕಡೆ ನೋಡಿದರು, ನೆಲ ನೋಡಿದರು, ತಲೆ ಕೆರೆದುಕೊಂಡರು. “ಅದೇ ಕಣಮ್ಮ... ನಮ್ಮಜ್ಜ ಹೇಳಿದ್ದ... ಥೂ, ಬಾಯಾಗೇ ಐತೆ!”

ಬಸ್ಸು ಬರುವಷ್ಟರಲ್ಲಿ ಅವರೇ ದುಡ್ಡು ಕೊಟ್ಟು ಒಂದು ರಸೀದಿ ಹರಿಸಿಕೊಂಡರು.

ಟ್ಯೂಬ್‌ಲೈಟು

ಪಾವಗಡದ ಒಬ್ಬ ತೆಲುಗು ಮಾತಿನ ಅಂಗಡಿಯವರು ದೇವಸ್ಥಾನಕ್ಕೆ ಟ್ಯೂಬ್‌ಲೈಟು ಕೊಟ್ಟವರು. ಅದರ ತುಂಬ ಅವರಪ್ಪನ ಹೆಸರೇ, ಬೆಳಕಿಗೆ ಜಾಗವಿಲ್ಲ.

“ನಾನು ಕೊಡೋದು ಎಲ್ಲಿ ಕಾಣ್ತದೆ ಮೇಡಮ್?”

“ಸಂಶೋಧನೆ ಕಣ್ಣಿಗೆ ಕಾಣಲ್ಲ ಅಣ್ಣಾ.”

“ಹೋಗ್ಲಿ, ಮಾತ್ರೆ ಬಂದಾಗ ಅದರ ಮೇಲೆ ನಮ್ಮ ನಾಯನ, ಅದೇ ನಮ್ಮಪ್ಪನ ಹೆಸರು ಬರೆಸಿ. ಊರೂ ಇರ್ಲಿ.”

“ಮಾತ್ರೆ ಇಷ್ಟೇ ಇಷ್ಟಿರುತ್ತಲ್ಲ!”

“ಅದಕ್ಕೇಮಿ? ದೊಡ್ಡದಾಗಿ ಮಾಡಕ್ಕೇಳಿ. ನುಂಗೋರು ಮುರ್ಕೊಂಡು ನುಂಗ್ತಾರೆ.”

ಮುಯ್ಯಿ

ಶಿರಾ ಕಡೆ ಹುಲಿಕುಂಟೆಯಲ್ಲಿ ದೂರದ ಸಂಬಂಧದ ಅಕ್ಕನ ಮನೆಗೆ ಹೋದೆವು. ಅಮ್ಮನ ಕಾಯಿಲೆ ವಿವರಿಸಿದೆ. ಅಕ್ಕ ಕಣ್ಣೊರೆಸಿಕೊಂಡು, ದೇಣಿಗೆ ಕೊಡಲು ಬೀರು ತೆಗೆದಳು. ಅಷ್ಟರಲ್ಲಿ ಅಮ್ಮ ಬಾಯಿಬಿಟ್ಟಳು.

“ಲೇ, ನಿನ್ನ ಮದ್ವೆಗೆ ನಾವು ಹಿತ್ತಾಳೆ ಕೊಳಗ ಮುಯ್ಯಿ ಹಾಕಿದ್ವಿ. ನಮ್ಮುಡುಗಿ ಮದ್ವೆಗೆ ನೀನಾಕಿದ್ದು ಸ್ಟೀಲ್ ಲೋಟ. ಅದೂ ಒಂದೇ!”

ಬೀರು ದಬಕ್ಕನೆ ಮುಚ್ಚಿತು. “ಇವ್ರಿಗಾ ಮರೆವು? ನಂಗೇ ಮರ್ತೋಗಿತ್ತು ಕಣಮ್ಮ! ಸುಳ್ಳೇಳಿ ದುಡ್ಡೆತ್ತಕ್ಕೆ ಬಂದ್ಬುಟ್ಯಾ?”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ದೇಣಿಗೆ ಹೋದರೆ ಹೋಗಲಿ, ‘ನಮ್ಮುಡುಗಿ’ ಅಂದಳಲ್ಲ! ಅದು ನನ್ನ ಮದುವೆ. ಆ ಲೋಟ ಇನ್ನೂ ನಮ್ಮನೇಲಿದೆ. ಬಸ್ಸಿನಲ್ಲಿ ಅವಳ ಕೈ ಹಿಡಿದು ಕೇಳಿದೆ, “ಅಮ್ಮಾ, ನಾನ್ಯಾರು ಹೇಳು?”

ದಿಟ್ಟಿಸಿ ನೋಡಿದಳು. “ಯಾರೋ ಪಾಪ, ಒಳ್ಳೇ ಹುಡುಗಿ. ಮದ್ವೆ ಆಗೈತಾ ತಾಯಿ?”

“ಆಗೈತೆ.”

ಅಮ್ಮ ಕೈ ಕಿತ್ತುಕೊಂಡು ಕಿಟಕಿ ಕಡೆ ತಿರುಗಿದಳು. “ಆಗೈತಾ? ಮತ್ತೆ ನನ್ನ ಕರೀಲೇ ಇಲ್ವಲ್ಲೇ!”