ನಮ್ಮವರ ಆಕಳಿಕೆಗೆ ನನ್ನ ಹೆಸರು

ಅಚ್ಚಿನಲ್ಲಿ ನನ್ನ ಹೆಸರು ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆ; ಆದರೆ ನೀವು ನಾಗಪುರದ ಪಕ್ಕದ ಈ ಕೋರಾಡಿಗೆ ಬಂದು ನಮ್ಮ ಮನೆಯವರ ಕಿವಿಯಲ್ಲಿ ಊದುವುದಿಲ್ಲ ಎಂಬ ನಂಬಿಕೆಯಿಂದ ಹೇಳುತ್ತಿದ್ದೇನೆ. ಇಲ್ಲಿಯವರೆಗೆ ನನ್ನ ಹೆಸರು ಅಚ್ಚಾದದ್ದು ಎರಡೇ ಸಲ. ಒಂದು ನನ್ನ ಮದುವೆಯ ಪತ್ರಿಕೆಯಲ್ಲಿ. ಇನ್ನೊಂದು ಮೈದುನನ ಮಗನ ಮುಂಜಿಯ ಪತ್ರಿಕೆಯಲ್ಲಿ, ಅದೂ ಕಟ್ಟಕಡೆಗೆ, ಮಂಗಲ ಕಾರ್ಯಾಲಯಕ್ಕೆ ಹೋಗುವ ಬಸ್ಸುಗಳ ವಿವರದ ಮೇಲೆ. ಅದನ್ನು ಓದಿದ್ದು ಬಸ್ಸು ಹುಡುಕುವವರು ಮಾತ್ರ.

ಹೀಗಿರುವಾಗ ನಾಗಪುರದ ಕನ್ನಡ ಮಂದಿಯೆಲ್ಲ ಸೇರುವ ಒಂದು ಭಾನುವಾರದ ಕೂಟದಲ್ಲಿ, ಬೆಂಗಳೂರಿನಿಂದ ಹೊಸದಾಗಿ ಬಂದ ಡಾಕ್ಟರಮ್ಮ ಒಬ್ಬರು ಕನ್ನಡ ವಿಕಿಯ ಬಗ್ಗೆ ಹೇಳಿಕೊಟ್ಟರು. ವಿಕಿ ಎಂದರೆ ಅಂತರ್ಜಾಲದಲ್ಲಿರುವ ವಿಶ್ವಕೋಶ. "ಇಲ್ಲಿ ಯಾರು ಬೇಕಾದ್ರೂ ಬರೀಬಹುದು, ಯಾರು ಬರೆದಿದ್ದನ್ನ ಯಾರು ಬೇಕಾದ್ರೂ ತಿದ್ದಬಹುದು" ಎಂದರು. ನಾನು ಗಾಬರಿಯಾದೆ. ನನ್ನ ಸಾರಿಗೆ ಉಪ್ಪು ಹಾಕಬೇಕೆಂದರೆ ನಮ್ಮತ್ತೆ ಕೂಡ ನಾನು ಅಡುಗೆಮನೆಯಿಂದ ಹೊರಗೆ ಹೋಗುವವರೆಗೆ ಕಾಯುತ್ತಿದ್ದರು. ಇಲ್ಲಿ ಎದುರಿಗೇ ಕೈ ಹಾಕುತ್ತಾರಂತೆ! ಆದರೂ ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಬರೆದವರ ಹೆಸರು ಉಳಿಯುತ್ತದೆ ಎಂದು ಕೇಳಿದ ಮೇಲೆ ಖಾತೆ ತೆರೆಯದೆ ಇರಲು ಆಗಲಿಲ್ಲ. ಎಲ್ಲರೂ ಮಲ್ಲಿಗೆ, ಮಿಂಚು ಎಂದು ಏನೇನೋ ಅಡ್ಡಹೆಸರು ಇಟ್ಟುಕೊಂಡರು. ನಾನು ಮಾತ್ರ ಇಷ್ಟು ವರ್ಷ ಮಹಾರಾಷ್ಟ್ರದಲ್ಲಿದ್ದ ರೂಢಿಯಂತೆ, ಬ್ಯಾಂಕಿನಲ್ಲಿ ಬರೆಯುವ ಹಾಗೆ, ನನ್ನ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು ಸೇರಿಸಿ "ಸುಮಂಗಲಾ ರಾಘವೇಂದ್ರ ದೇಸಾಯಿ" ಎಂದು ಉದ್ದಕ್ಕೆ ತುಂಬಿದೆ. ಡಾಕ್ಟರಮ್ಮ "ಪೂರ್ತಿ ಹೆಸರು ಬೇಕಾ ಆಂಟಿ?" ಎಂದು ಒಮ್ಮೆ ಕೇಳಿದರು. ಬೇಕು ಎಂದೆ.

ಮೊದಲ ಕಾಣಿಕೆಯಾಗಿ ನಾಗಪುರದ ಕಿತ್ತಳೆಯ ಬಗ್ಗೆ ಒಂದು ಸಾಲು ಸೇರಿಸಿದೆ: "ಇಷ್ಟು ರುಚಿಯಾದ ಹಣ್ಣು ಜಗತ್ತಿನಲ್ಲೇ ಇಲ್ಲ, ಆದರೆ ಚೌಕಾಸಿ ಮಾಡದೆ ಕೊಳ್ಳಬಾರದು." ಚಹಾಕ್ಕೆ ಇಟ್ಟು ಬಂದು ನೋಡುತ್ತೇನೆ, ಸಾಲೇ ಮಾಯ! ಯಾರೋ ಅಳಿಸಿ, "ಆಧಾರ ಕೊಡಿ" ಎಂದು ಬರೆದಿದ್ದರು. ನಾನು ದಂಗಾದೆ. ಹಣ್ಣು ತಿಂದವಳು ನಾನು, ಇನ್ನೆಂಥ ಆಧಾರ? "ನನ್ನ ನಾಲಿಗೆಯೇ ಆಧಾರ" ಎಂದು ಮತ್ತೆ ಹಾಕಿದೆ. ಈ ಸಲ ಚಹಾ ಸೋಸುವಷ್ಟು ವ್ಯವಧಾನವನ್ನೂ ಕೊಡಲಿಲ್ಲ. ಆಮೇಲೆ ಚಕ್ಕುಲಿಯ ಬಗ್ಗೆ ಬರೆದೆ, ಹೋಯಿತು. ಬೇಸಿಗೆಯ ಬಗ್ಗೆ ಬರೆದೆ, ಅದೂ ಹೋಯಿತು. ನಾಗಪುರದಲ್ಲಿ ಬೇಸಿಗೆ ಇದೆ ಎಂಬುದಕ್ಕೂ ಆಧಾರ ಬೇಕೆಂದರೆ ಒಂದು ಮೇ ತಿಂಗಳು ಬಂದು ಇದ್ದು ಹೋಗಲಿ ಎಂದು ನನಗೆ ಅಳುವೇ ಬಂತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಆಂಟಿ, ನೀವು ಫೋಟೋ ಹಾಕಿ. ಎಷ್ಟೋ ಲೇಖನಕ್ಕೆ ಚಿತ್ರವೇ ಇಲ್ಲ. ನೀವೇ ತೆಗೆದ ಫೋಟೋಗೆ ಯಾರೂ ಆಧಾರ ಕೇಳಲ್ಲ" ಎಂದರು.

ಚಿತ್ರವಿಲ್ಲದ ಲೇಖನಗಳಲ್ಲಿ "ಆಕಳಿಕೆ" ಎಂಬುದೊಂದಿತ್ತು. ಅದನ್ನು ನೋಡಿದ ಕೂಡಲೇ ನನಗೆ ನಮ್ಮವರ ನೆನಪಾಯಿತು. ಅವರು ಇಲ್ಲಿನ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಎಂಜಿನಿಯರ್. ಕಂಟ್ರೋಲ್ ರೂಮಿನಲ್ಲಿ ಅವರೆದುರು ಯಾರಾದರೂ ಆಕಳಿಸಿದರೆ ಎಬ್ಬಿಸಿ ಮುಖ ತೊಳೆಯಲು ಕಳಿಸುತ್ತಾರೆ. ಆ ಶಿಸ್ತಿಗೆ ಇಡೀ ಕಾಲೋನಿಯಲ್ಲಿ ಹೆಸರುವಾಸಿ. ಅಲ್ಲಿ ರಾತ್ರಿಯಿಡೀ ತಡೆಹಿಡಿದದ್ದನ್ನೆಲ್ಲ ಬೆಳಿಗ್ಗೆ ಮನೆಗೆ ತಂದು ಬಿಡುತ್ತಾರೆ. ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಕೈ ಚಾಚಿ ಬಾಯಿ ತೆರೆದರೆಂದರೆ ಒಳಗಿನ ಬೆಳ್ಳಿ ತುಂಬಿದ ಹಲ್ಲಿನವರೆಗೆ ದರ್ಶನ. ಫೋಟೋ ತೆಗೆದೇಬಿಟ್ಟೆ.

"ಎಲ್ಲಿ ಹಾಕ್ತಿ ಅದನ್ನ?" ಎಂದರು.

"ವಿಶ್ವಕೋಶದಾಗ್ರಿ."

ಅವರ ಮನಸ್ಸಿನಲ್ಲಿದ್ದದ್ದು ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತ ದಪ್ಪ ಪುಸ್ತಕ. "ಅದನ್ಯಾರು ತಗದು ನೋಡ್ತಾರ? ಹಾಕು, ಹಾಕು" ಎಂದು ಮಲಗಲು ಹೋದರು. ಹಾಕುವ ಮುಂಚೆ ಒಂದು ಒಪ್ಪಿಗೆಯ ಪುಟ ಬಂತು. ಈ ಚಿತ್ರವನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು, ತೆಗೆದವರ ಹೆಸರು ಮಾತ್ರ ಹಾಕಬೇಕು ಎಂದು ಅದರಲ್ಲಿತ್ತು. ಹೆಸರಿನ ಮಾತನ್ನು ನಾನು ಎರಡು ಸಲ ಓದಿದೆ. ಉಳಿದದ್ದನ್ನು ಓದಿದ ನೆನಪಿಲ್ಲ.

ಆಶ್ಚರ್ಯವೆಂದರೆ ಆ ಚಿತ್ರವನ್ನು ಯಾರೂ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ತೆರೆದು ನೋಡುತ್ತಿದ್ದೆ, ನಮ್ಮವರು ಅಲ್ಲೇ ಬಾಯಿ ತೆರೆದುಕೊಂಡಿರುತ್ತಿದ್ದರು. ಅಷ್ಟು ಹೆಮ್ಮೆ ನನಗೆ ಅವರ ಬಗ್ಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಒಂದು ಶನಿವಾರ ಪರದೆಯ ಬಟ್ಟೆ ತರಲು ಇಬ್ಬರೂ ಬಸ್ಸಿನಲ್ಲಿ ನಾಗಪುರದ ಇತವಾರಿ ಪೇಟೆಗೆ ಹೊರಟೆವು. ಕೈಗಾಡಿಗಳ ನಡುವೆ ಬಸ್ಸು ಸಿಕ್ಕಿಹಾಕಿಕೊಂಡು ನಿಂತಿತು. ಕಿಟಕಿಯಿಂದ ಸುಮ್ಮನೆ ಮೇಲೆ ನೋಡಿದೆ. ಒಂದು ಗಾದಿ ಅಂಗಡಿಯ ನೆತ್ತಿಯ ಮೇಲೆ, ಎರಡು ಅಂತಸ್ತಿನ ಎತ್ತರಕ್ಕೆ, ನಮ್ಮವರು! ಅದೇ ಮುಚ್ಚಿದ ಕಣ್ಣು, ಅದೇ ಬಾಯಿ. ಬೆಳ್ಳಿ ಹಲ್ಲು ಒಂದು ತಟ್ಟೆಯಷ್ಟಿತ್ತು. ಪಕ್ಕದಲ್ಲಿ ಹಿಂದಿಯಲ್ಲಿ, "ರಾತ್ ಕೋ ನೀಂದ್ ನಹೀಂ ಆತೀ?" ಎಂದು, ರಾತ್ರಿ ನಿದ್ದೆ ಬರುವುದಿಲ್ಲವೇ ಎಂಬ ಪ್ರಶ್ನೆ. ಇವರನ್ನು ಹೇಗಾದರೂ ಮಾಡಿ ಆ ಕಡೆಯ ಕಿಟಕಿಗೆ ತಿರುಗಿಸಬೇಕು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಸೀಟಿನಿಂದ ಅವರದೇ ಪಾಳಿಯ ತರುಣನೊಬ್ಬ, "ಸಾಹೇಬ್, ಯೇ ಆಪ್ ಹೈಂ ಕ್ಯಾ?" ಎಂದ, ಇದು ನೀವೇನಾ ಎಂದು. ಇವರು ನೋಡಿದರು. ಬಣ್ಣವೇ ಇಳಿದುಹೋಯಿತು. ಆದರೂ ಗಂಟಲು ಸರಿಮಾಡಿಕೊಂಡು, "ನಹೀಂ ಭಾಯಿ, ಕೋಯೀ ಔರ್ ಹೋಗಾ" ಎಂದರು, ಬೇರೆ ಯಾರೋ ಇರಬೇಕು ಎಂದು.

ಬಸ್ಸಿಳಿದು ಅಂಗಡಿಗೆ ನುಗ್ಗಿದೆವು. ಅಂಗಡಿಯ ಸೇಠ್ ನಮ್ಮವರನ್ನು ನೋಡಿ ಕೈಮುಗಿದು ಎದ್ದೇ ನಿಂತರು. "ಅರೇ, ಆಪ್ ತೋ ವಹೀ ಹೈಂ! ಬೈಠಿಯೇ, ಬೈಠಿಯೇ" ಎಂದು, ಫಲಕದವರನ್ನೇ ಕಂಡ ಸಂಭ್ರಮದಲ್ಲಿ ಕೂರಿಸಿ ಚಹಾ ತರಿಸಿದರು. ಕದ್ದದ್ದಲ್ಲ, ಎಲ್ಲರಿಗೂ ಮುಕ್ತವಾಗಿ ಕೊಟ್ಟ ಚಿತ್ರ, ನಿಯಮದಂತೆ ತೆಗೆದವರ ಹೆಸರನ್ನೂ ಹಾಕಿಸಿದ್ದೇವೆ ಎಂದು ಹೊರಗೆ ಕರೆದು ತೋರಿಸಿದರು. ಫಲಕದ ಬುಡದಲ್ಲಿ "ಫೋಟೋ: ಸುಮಂಗಲಾ" ಎಂದಿತ್ತು. ಉಳಿದದ್ದು ಪಕ್ಕದ ಅಂಗಡಿಯವರು ಬಿಸಿಲು ಮಳೆಗೆಂದು ಕಟ್ಟಿದ ತಾಡಪತ್ರಿಯ ಕೆಳಗೆ ಮುಚ್ಚಿಹೋಗಿತ್ತು. ನಮ್ಮವರು ನನ್ನ ಕಡೆ ತಿರುಗಿದ ರೀತಿಗೆ ನನಗೆ ಚಹಾ ನೆತ್ತಿಗೇರಿತು.

ಮನೆಗೆ ಬಂದ ಮೇಲೆ, "ಮೊದಲು ಆ ವಿಶ್ವಕೋಶದಿಂದ ತಗಿ" ಎಂದರು. ತೆಗೆದೆ. ಚಹಾ ಕುದಿಯುವಷ್ಟರಲ್ಲಿ ಯಾರೋ ಮತ್ತೆ ಹಾಕಿದ್ದರು! "ಉತ್ತಮ ಚಿತ್ರ. ತೆಗೆಯಲು ಕಾರಣ ಕೊಡಿ" ಎಂಬ ಟಿಪ್ಪಣಿ ಬೇರೆ. ಡಾಕ್ಟರಮ್ಮನನ್ನು ಕೇಳಿದರೆ ಒಮ್ಮೆ ಕೊಟ್ಟದ್ದನ್ನು ವಾಪಸು ಪಡೆಯುವಂತಿಲ್ಲವಂತೆ. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಇರಲಿ ಎಂದು ಬರೆದ ಒಂದು ಸಾಲನ್ನೂ ಉಳಿಸದ ಜನ, ಬೇಡವೆಂದು ಅಂಗಲಾಚಿದ್ದನ್ನು ಕಾವಲು ಕೂತು ಕಾಯುತ್ತಿದ್ದಾರೆ.

"ಹೋಗ್ಲಿ," ಎಂದರು ಮರುದಿನ ಪಾಳಿ ಮುಗಿಸಿ ಬಂದ ಇವರು. "ಅದು ನಾನಲ್ಲ ಅಂತ ಪ್ಲಾಂಟಿನಾಗ ಹೇಳೇನಿ. ಸುಮಂಗಲಾ ಅನ್ನೋರು ಊರಾಗ ಎಷ್ಟ ಮಂದಿ ಇಲ್ಲ? ಅರ್ಧಾ ಮಂದಿ ನಂಬ್ಯಾರ. ನೀ ಹೋಗಿ ಆ ಸೇಠಗ ಕೈಮುಗದು, ಬೋರ್ಡ್ ಇಳಸು ಅಂತ ಹೇಳಿ ಬಾ. ಇಲ್ಲಾಂದ್ರ ನಾಳಿಂದ ಕಂಟ್ರೋಲ್ ರೂಮಿನಾಗ ನನ್ನ ಮಾತು ಯಾರ ಕೇಳ್ತಾರ?" ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಪಾಪ ಎನಿಸಿತು.

ನಿಜವಾಗಿಯೂ ಅದಕ್ಕೆಂದೇ ಹೋದೆ. ಅಂಗಡಿಯ ಎದುರು ನಿಂತು ಒಮ್ಮೆ ಕತ್ತೆತ್ತಿ ನೋಡಿದೆ. ನನ್ನ ಹೆಸರಿನ ಗೇಣುದ್ದದ ಅಕ್ಷರಗಳು, ಹಳದಿ ಬಣ್ಣ. ಕೆಳಗೆ ಹೋಗುವ ನೂರಾರು ಜನ. ಸೇಠ್ "ಹೇಳಿ ಬೆಹೆನ್‌ಜೀ, ಏನು ಸೇವೆ?" ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಬಾಯಿಂದ ಬಂದ ಮಾತು ಕೇಳಿ ನಾನೇ ಹೌಹಾರಿದೆ. ಆ ತಾಡಪತ್ರಿಯನ್ನು ಸ್ವಲ್ಪ ಮೇಲೆತ್ತಿ ಕಟ್ಟಿಸಲಾಗುತ್ತದೆಯೇ ಎಂದು ಕೇಳಿದ್ದೆ.

ಮನೆಯಲ್ಲಿ, "ಏನಂದ್ರು?" ಎಂದು ಕೇಳಿದರು. "ನೋಡ್ತೀನಿ ಅಂದಾರ್ರಿ" ಎಂದೆ.

ಮುಂದಿನ ಶನಿವಾರ, ಕೊಳ್ಳದೆ ಉಳಿದ ಪರದೆಯ ಬಟ್ಟೆಗೆಂದು ಮತ್ತೆ ಹೊರಟೆವು. ಅದೇ ಬಸ್ಸು, ಅದೇ ಕೈಗಾಡಿಗಳು, ಹಿಂದಿನ ಸೀಟಿನಲ್ಲಿ ಅದೇ ತರುಣ. ಅವನು ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ ಓದಿದ: "ಸುಮಂಗಲಾ… ರಾಘವೇಂದ್ರ… ದೇಸಾಯಿ." ಓದಿ ಮುಗಿಸಿ, ಸಾಹೇಬರ ಬೆನ್ನ ಹಿಂದೆಯೇ ಧಾರಾಳವಾಗಿ ಒಂದು ಆಕಳಿಕೆ ತೆಗೆದ. ಯಾರೂ ಅವನನ್ನು ಮುಖ ತೊಳೆಯಲು ಕಳಿಸಲಿಲ್ಲ.

ನಮ್ಮವರು ಫಲಕವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಸುಮಾ, ಹೋದ ವಾರ ಆ ತಾಡಪತ್ರಿ ಕೆಳಗಿತ್ತಲ್ಲ?" ಎಂದರು. ನಿದ್ದೆ ಬಂದವಳಂತೆ ನಟಿಸೋಣವೆಂದು ಕಣ್ಣು ಮುಚ್ಚಿ ದೊಡ್ಡದಾಗಿ ಬಾಯಿ ತೆರೆದೆ. ಅದನ್ನು ಮುಚ್ಚುವ ಮೊದಲೇ ಪಕ್ಕದಲ್ಲಿ ನಮ್ಮವರ ಫೋನು ಕ್ಲಿಕ್ ಎಂದಿತು.